ಹನ್ನೊಂದು ಸಲ ನೋಡಿಸಿಕೊಂಡ ಕೋಚಪ್ಪ

"ಜನವರಿ ಬಂತು ಅಂತ ತಿಳ್ಕೊಳ್ಳೋಕೆ ನಮ್ಮ ಬೀದಿಗೆ ಕ್ಯಾಲೆಂಡರ್ ಬೇಡ ಕಣ್ರೀ, ಬೆಲ್ ಅವರ ಸೂಟು ಸಾಕು" ಅನ್ನುತ್ತಿದ್ದರು ಎದುರು ಮನೆಯ ಪದ್ಮ. ಪಕ್ಕದ ಬೀದಿಯ ರಮೇಶ್ ಇನ್ನೂ ಒಂದು ಹೆಜ್ಜೆ ಮುಂದೆ. "ಆ ಮನುಷ್ಯ ಇಂಟರ್‌ವ್ಯೂಗೆ ಹೋಗೋದನ್ನೇ ಕೆಲಸ ಮಾಡ್ಕೊಂಡಿದಾನೆ. ಅದರಲ್ಲೇ ಒಂದು ಪ್ರಮೋಷನ್ ಕೊಟ್ಬಿಡಬೇಕು ಅವನಿಗೆ!" ಮೂಲೆಮನೆಯ ಅಮೆರಿಕನ್ ಅಜ್ಜಿಯದು ಬೇರೆಯೇ ಅಚ್ಚರಿ: ಕೆಲಸ ಸಿಗದೆ ವಾಪಸು ಬಂದ ಮಾರನೆಯ ದಿನವೂ ಕಸದ ಡಬ್ಬ ಎಳೆಯುತ್ತ ಸಿಳ್ಳೆ ಹಾಕುವ ಗಂಡಸನ್ನು ಆಕೆ ಎಂಬತ್ತು ವರ್ಷದಲ್ಲಿ ಕಂಡಿರಲಿಲ್ಲವಂತೆ.

ಅವರು ಹಾಗನ್ನುವುದಕ್ಕೆ ಕಾರಣವಿತ್ತು. ಡೆಟ್ರಾಯ್ಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನ ಆ ಬಡಾವಣೆಯಲ್ಲಿ ಆಲ್ಟನ್ ಬೆಲ್ ಮನೆ ಕೊಂಡು ಒಂಬತ್ತು ವರ್ಷವಾಗಿತ್ತು. ಡೆಟ್ರಾಯ್ಟ್ ಹ್ಯಾಮರ್ಸ್ ಎಂಬ ಫುಟ್‌ಬಾಲ್ ತಂಡದಲ್ಲಿ ಅವರು ಡಿಫೆನ್ಸ್ ಕೋಚ್. ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಲ್ಲ, ಈ ದೇಶದ್ದು. ಹೆಲ್ಮೆಟ್ ಹಾಕಿಕೊಂಡು, ಭುಜಕ್ಕೆ ಗುರಾಣಿ ಕಟ್ಟಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಗುದ್ದಾಡುವ ಆಟ. ಎದುರಾಳಿ ಚೆಂಡು ಹಿಡಿದು ನುಗ್ಗಿದಾಗ ಅವನನ್ನು ಕೆಡಹುವ ಹನ್ನೊಂದು ಜನರಿಗೆ ಬೆಲ್ ಗುರು. ಅವರ ಮೇಲೆ ಇನ್ನೊಬ್ಬರಿರುತ್ತಾರೆ, ಇಡೀ ತಂಡಕ್ಕೆ ಮುಖ್ಯ ಕೋಚ್. ಬೆಲ್ ಅವರಿಗೆ ಬೇಕಾಗಿದ್ದದ್ದು ಆ ಜಾಗ, ಯಾವ ಊರಲ್ಲಾದರೂ ಸರಿ.

ಡಿಸೆಂಬರ್ ಮುಗಿಯುತ್ತಲೇ ಸೋತ ತಂಡಗಳು ತಮ್ಮ ಕೋಚನ್ನು ಮನೆಗೆ ಕಳಿಸುತ್ತವೆ. ಜನವರಿಯಲ್ಲಿ ಹೊಸಬರ ಹುಡುಕಾಟ. ಬೆಲ್ ಕಡುನೀಲಿ ಸೂಟು ತೊಟ್ಟು, ಚರ್ಮದ ಫೈಲು ಹಿಡಿದು ಹೊರಡುತ್ತಿದ್ದರು. ಎರಡು ದಿನಕ್ಕೆ ವಾಪಸು. ಆಮೇಲೆ ಟಿವಿಯಲ್ಲಿ ಯಾರೋ ಮೂವತ್ನಾಲ್ಕರ ಬಿಳಿಯ ಹುಡುಗ, ಅವನ ಅಪ್ಪನೋ ಚಿಕ್ಕಪ್ಪನೋ ಹಿಂದೆ ಕೋಚ್ ಆಗಿದ್ದವರು, ಹೊಸ ಟೋಪಿ ಹಾಕಿಕೊಂಡು ಹಲ್ಲು ಕಿರಿಯುತ್ತಿರುತ್ತಿದ್ದ. ಹೀಗೆ ಹನ್ನೊಂದು ಸಲ.

ಬೆಲ್ ಅವರನ್ನು 'ಕೋಚಪ್ಪ' ಮಾಡಿದ್ದು ಪಕ್ಕದ ಮನೆಯ ವಸುಧಮ್ಮ. ವಸುಧಮ್ಮ ಮೈಸೂರಿನವರು, ಅರವತ್ತಮೂರು ವಯಸ್ಸು, ಆಸ್ಪತ್ರೆಯ ರಕ್ತಪರೀಕ್ಷೆ ಲ್ಯಾಬಿನಲ್ಲಿ ಇಪ್ಪತ್ತೇಳು ವರ್ಷ ದುಡಿದು ನಿವೃತ್ತರಾದವರು. ಗಂಡ ಚಂದ್ರಮೌಳಿ ಕಾರಿನ ಕಾರ್ಖಾನೆಯಲ್ಲಿ ಕ್ವಾಲಿಟಿ ಎಂಜಿನಿಯರ್ ಆಗಿದ್ದವರು. ಈಗಲೂ ಜೇಬಿನಲ್ಲಿ ಪುಟ್ಟ ನೋಟ್‌ಬುಕ್ ಇಟ್ಟುಕೊಂಡು ಅಂಗಡಿಯ ಟೊಮೆಟೊ ಡಬ್ಬದ ಅಂಚಿನಲ್ಲೂ ದೋಷ ಹುಡುಕುವ ಮನುಷ್ಯ. ಮಗಳು ರಿಯಾ ಶಿಕಾಗೋ ಬಳಿಯ ಗ್ಲೆಂಡೇಲ್ ಹೈಟ್ಸ್‌ನಲ್ಲಿದ್ದಳು.

ಬೆಲ್ ದಂಪತಿ ಬಂದ ಹೊಸತರಲ್ಲಿ ವಸುಧಮ್ಮನೇನೂ ಆರತಿ ತಟ್ಟೆ ಹಿಡಿದು ನಿಂತಿರಲಿಲ್ಲ. ಆರಡಿ ನಾಲ್ಕಂಗುಲದ ಕಪ್ಪು ಮನುಷ್ಯ ಪಕ್ಕದ ಮನೆಗೆ ಬಂದಿದ್ದಾನೆಂದು ಗ್ಯಾರೇಜಿಗೆ ಬೀಗ ಬಿದ್ದಿದೆಯೋ ಇಲ್ಲವೋ ಎಂದು ದಿನಕ್ಕೆ ಮೂರು ಸಲ ನೋಡಿ ಬಂದಿದ್ದರು. ಅದನ್ನು ನೆನೆದರೆ ಈಗಲೂ ಅವರ ಕಿವಿ ಬಿಸಿಯಾಗುತ್ತದೆ. ಮೊದಲ ಹಿಮ ಬಿದ್ದ ಬೆಳಿಗ್ಗೆ ಚಂದ್ರಮೌಳಿಯವರು ಮಂಡಿನೋವಿನಿಂದ ಸಲಿಕೆ ಊರಿಕೊಂಡು ನಿಂತಿದ್ದಾಗ, ಆ ಮನುಷ್ಯ ಕೇಳದೆಯೇ ಇವರ ಡ್ರೈವ್‌ವೇಯ ಹಿಮವನ್ನೆಲ್ಲ ಬಳಿದುಹಾಕಿ, "ಆಯ್ತು ಸರ್, ಒಳಗೆ ಹೋಗಿ" ಎಂದು ಹೊರಟುಹೋಗಿದ್ದರು. ಸಂಜೆ ವಸುಧಮ್ಮ ಒಂದು ಡಬ್ಬಿ ಬಿಸಿಬೇಳೆಬಾತ್ ಒಯ್ದರು. ಭಾನುವಾರದ ಹೊತ್ತಿಗೆ ಬೆಲ್ ಮೈದಾನದಲ್ಲಿ, ಎರಡು ಮನೆಯ ಉಳಿದವರೆಲ್ಲ ಒಂದೇ ಟಿವಿ ಮುಂದೆ. ಬೆಲ್ ಅವರ ಹೆಂಡತಿ ಯೋಲಂಡಾ ಶಾಲೆಯಲ್ಲಿ ಗಣಿತ ಹೇಳುವವರು. ಅವರೇ ಕಾಗದದ ಮೇಲೆ ಬಾಣ ಎಳೆದು ಎಳೆದು ವಸುಧಮ್ಮನಿಗೆ ಆಟ ಕಲಿಸಿದರು. ಕಲಿತದ್ದೇ ತಡ, ಭಾನುವಾರ ಮಧ್ಯಾಹ್ನ ಆ ಮನೆಯಿಂದ "ಹಿಡ್ಕೊಳೋ! ಕಾಲು ಹಿಡ್ಕೊಳೋ ಮುಂಡೇದೇ!" ಎಂಬ ಕೂಗು ಎದ್ದು ಪದ್ಮ ಅವರ ನಾಯಿ ಊಳಿಡುವುದು ವಾಡಿಕೆಯಾಯಿತು.

ಆಡುವ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನ, ಮುಖ್ಯ ಕೋಚ್‌ಗಳಲ್ಲಿ ಮಾತ್ರ ಒಂದು ಕೈಯ ಬೆರಳೆಣಿಕೆಗೆ ಸಿಗುವಷ್ಟು. ಇದು ವಸುಧಮ್ಮನ ಲೆಕ್ಕಕ್ಕೆ ಬರಲು ಎರಡು ಸೀಸನ್ ಬೇಕಾಯಿತು. ಬಂದ ಮೇಲೆ ಬಿಡಲಿಲ್ಲ.

"ಅದ್ಯಾಕೆ ಕೋಚಪ್ಪ? ಗುದ್ದಿಸ್ಕೊಳ್ಳೋಕೆ ನಿಮ್ಮವರು, ಹೇಳೋಕೆ ಅವರಾ?"

"ನಿಯಮ ಇದೆಯಲ್ಲ ಆಂಟಿ. ಜಾಗ ಖಾಲಿಯಾದ್ರೆ ನಮ್ಮಂಥವರನ್ನೂ ಕರೆದು ಮಾತಾಡಿಸಲೇಬೇಕು ಅಂತ."

"ಮಾತಾಡಿಸಬೇಕು ಅಂತಲೋ, ಕೆಲಸ ಕೊಡಬೇಕು ಅಂತಲೋ?"

"ಮಾತಾಡಿಸಬೇಕು ಅಂತ" ಎಂದು ಕೋಚಪ್ಪ ನಕ್ಕಿದ್ದರು.

ಈ ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲೇ ಅನ್ನಿ. ಆದರೆ ವಸುಧಮ್ಮ ಅದನ್ನು ಫೋನಿನಲ್ಲಿ ರಿಯಾಗೆ ಒಪ್ಪಿಸಿದ್ದು ಕನ್ನಡದಲ್ಲಿ, ನಮಗೆ ಬಂದು ತಲುಪಿದ್ದೂ ಹಾಗೆಯೇ.

ಹನ್ನೊಂದನೆಯ ಸಲ ಕೋಚಪ್ಪ ಹೋಗಿ ಬಂದದ್ದು ಆ ಜನವರಿಯ ಮೊದಲ ವಾರ. ಮರುದಿನ ಬೆಳಿಗ್ಗೆ ಕಸದ ಡಬ್ಬ ಒಳಗೆಳೆಯುತ್ತಿದ್ದವರು ಸಿಳ್ಳೆ ಹಾಕುತ್ತಿರಲಿಲ್ಲ. ವಸುಧಮ್ಮನಿಗೆ ಕಿಟಕಿಯಿಂದಲೇ ಅದು ಕಂಡಿತು. ಬೂಟು ತೂರಿಸಿಕೊಂಡು ಓಡಿದರು. ಹೊರಗೆ ಹನ್ನೊಂದು ಡಿಗ್ರಿ ಚಳಿ, ಅದೂ ಫ್ಯಾರನ್‌ಹೀಟಿನಲ್ಲಿ, ನಮ್ಮ ಲೆಕ್ಕಕ್ಕೆ ಸೊನ್ನೆಗಿಂತ ಹನ್ನೆರಡು ಕೆಳಗೆ.

"ಏನಂದ್ರು?"

"ಈ ವರ್ಷವೇ ಕೊನೆ ಆಂಟಿ. ಯೋಲಂಡಾಗೆ ಮಾತು ಕೊಟ್ಟಿದ್ದೀನಿ. ಐವತ್ತೆರಡಾಯ್ತು ನಂಗೆ. ಈ ತಿಂಗಳು ಮುಗಿಯೋದ್ರೊಳಗೆ ಆದ್ರೆ ಆಯ್ತು. ಇಲ್ಲಾಂದ್ರೆ ಇನ್ನು ಯಾರ ಮುಂದೆಯೂ ಹೋಗಿ ಕೂರಲ್ಲ."

"ಅದಿರ್ಲಿ. ಅವ್ರು ಏನಂದ್ರು?"

"ಬಾಯ್ತುಂಬ ಹೊಗಳಿದ್ರು. ಮೂರು ಗಂಟೆ. ನಿಮ್ಮಂಥ ಮನುಷ್ಯನ್ನ ನೋಡೇ ಇಲ್ಲ ಅಂದ್ರು. ಅದೇನು ಊಟ ಅಂತೀರಿ! ಸೀಗಡಿ, ಮೂರು ಥರ ಕೇಕು..."

ವಸುಧಮ್ಮನ ಕಿವಿ ನೆಟ್ಟಗಾಯಿತು. "ಊಟ ಯಾರು ಮಾಡಿದ್ರು? ನೀನಾ, ಅವರಾ?"

"ಅವರೇ. ಓನರ್ ಎರಡು ಸಲ ಬಡಿಸಿಕೊಂಡ್ರು. ಯಾಕೆ?"

"ಅಯ್ಯೋ ನನ್ನಪ್ಪ!" ಎಂದು ವಸುಧಮ್ಮ ಹಣೆ ಚಚ್ಚಿಕೊಂಡರು. "ಅವ್ರು ಆಗ್ಲೇ ಬೇರೆಯವ್ರನ್ನ ಒಪ್ಪಿಕೊಂಡಾಗಿತ್ತು. ಬಾ ಒಳಗೆ, ಕಾಫಿ ಕೊಡ್ತೀನಿ. ನಿಂಗೆ ಯಾರೂ ಏನೂ ಹೇಳಿಕೊಟ್ಟಿಲ್ಲ!"

ಅಡುಗೆಮನೆಯ ಮೇಜಿನ ಬಳಿ ಕೋಚಪ್ಪನನ್ನು ಕೂರಿಸಿ, ವಸುಧಮ್ಮ ತಮ್ಮ ಕಥೆ ಬಿಚ್ಚಿದರು. ಮೈಸೂರಿನಲ್ಲಿ ಹುಡುಗಿ ನೋಡುವ ಶಾಸ್ತ್ರ ಅಂತ ಒಂದಿದೆ. ಗಂಡಿನ ಕಡೆಯವರು ದಂಡು ಕಟ್ಟಿಕೊಂಡು ಬರುತ್ತಾರೆ, ಹುಡುಗಿ ಸೀರೆಯುಟ್ಟು ಉಪ್ಪಿಟ್ಟು ಕೇಸರಿಬಾತ್ ತಂದಿಡಬೇಕು, ಅವರು ನೋಡಬೇಕು. ವಸುಧಮ್ಮನನ್ನೂ ಹೀಗೆ ಹನ್ನೊಂದು ಸಲ ನೋಡಿದ್ದರು. ಓದಿದ ಹುಡುಗಿ, ಹಾಡು ಬರುತ್ತೆ, ಲಕ್ಷಣವಾಗಿದ್ದಾಳೆ, ಎಲ್ಲ ಸರಿ. ಬಣ್ಣ ಮಾತ್ರ ಕಪ್ಪು. ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಹುಡುಗಿ ಚಿನ್ನದಂಥವಳು, ಜಾತಕ ಕೂಡಿಬರಲಿಲ್ಲ ನೋಡಿ" ಅಂತ ಕಾಗದ ಬರೆಯುತ್ತಿದ್ದರು.

ಕೋಚಪ್ಪ ಕಾಫಿ ಲೋಟ ಕೆಳಗಿಟ್ಟರು. "ನಂಗೆ ಅವ್ರು ಹೇಳೋದು, ಒಳ್ಳೆಯವನು, ಆದ್ರೆ ನಮ್ಮ ತಂಡಕ್ಕೆ ಫಿಟ್ ಆಗಲ್ಲ ಅಂತ."

"ಅದೇ ಜಾತಕ ಕಣೋ ಅದು! ಇಂಗ್ಲಿಷಲ್ಲಿ ಬರೆದಿದ್ದಾರೆ, ಅಷ್ಟೆ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕಿದ್ದು ಕೋಚಪ್ಪ. ಆ ನಗು ಹೇಗಿತ್ತೆಂದರೆ ಶೆಲ್ಫಿನ ಮೇಲಿನ ಸ್ಟೀಲ್ ಡಬ್ಬಿಗಳು ಗಲಗಲ ಅಂದವು.

"ಏಳೆಂಟು ಸಲ ಆದ್ಮೇಲೆ ನಂಗೆ ಗುಟ್ಟು ಗೊತ್ತಾಗೋಯ್ತು" ಎಂದರು ವಸುಧಮ್ಮ. "ಬೇರೆ ಕಡೆ ಗೊತ್ತು ಮಾಡ್ಕೊಂಡು, ಕರೆದಿದಾರಲ್ಲ ಅಂತ ದಾಕ್ಷಿಣ್ಯಕ್ಕೆ ಬಂದವ್ರು ಚೆನ್ನಾಗಿ ತಿಂತಾರೆ. ಎರಡನೇ ಸಲ ಹಾಕಿಸ್ಕೋತಾರೆ. ಹೊಗಳ್ತಾರೆ. ಅವರಿಗೇನು ಚಿಂತೆ? ನಿಜವಾಗಿ ಹುಡುಗಿ ಬೇಕು ಅಂತ ಬಂದವ್ರು ತಿನ್ನೋದೇ ಮರೀತಾರೆ. ತಗಾದೆ ತೆಗೀತಾರೆ. ಯಾಕೆ ಇಂಥ ಕಡೆ ಓದಿದೆ, ಯಾಕೆ ಹೀಗೆ ನಡೀತೀಯ, ಹಲ್ಲು ಸ್ವಂತದ್ದಾ, ಎಲ್ಲ ಕೇಳ್ತಾರೆ. ಉಪ್ಪಿಟ್ಟು ಆರಿ ಕಲ್ಲಾಗುತ್ತೆ."

"ಹನ್ನೊಂದನೇ ಸಲ ಏನಾಯ್ತು?"

"ಬಂದ ಹುಡುಗ ಎರಡು ತಟ್ಟೆ ಹೊಡೆದ. ನಾನು ಎದುರು ಹೋಗಿ ನಿಂತ್ಕೊಂಡು ಕೇಳೇಬಿಟ್ಟೆ: ನೀವು ಬೇರೆ ಕಡೆ ಒಪ್ಪಿಕೊಂಡು ಬಂದಿದೀರಾ? ನಮ್ಮಮ್ಮ ಅಲ್ಲೇ ಕುಸಿದು ಕೂತ್ರು. ಹುಡುಗನ ಜೊತೆ ಬಂದಿದ್ದ ಸ್ನೇಹಿತ ಮಾತ್ರ ಜೋರಾಗಿ ನಕ್ಕುಬಿಟ್ಟ. ಅವನ ಮುಂದಿನ ತಟ್ಟೆ ಇಟ್ಟ ಹಾಗೇ ಇತ್ತು."

ಆ ಹೊತ್ತಿಗೆ ಸರಿಯಾಗಿ ಚಂದ್ರಮೌಳಿ ಒಳಗೆ ಬಂದರು. "ನನಗೆ ಆವತ್ತು ಹೊಟ್ಟೆ ಕೆಟ್ಟಿತ್ತು" ಎಂದರು.

"ಸುಳ್ಳು!"

"ಸುಳ್ಳೇ. ನಲವತ್ತು ವರ್ಷದಿಂದ ಹೇಳ್ತಿದೀನಿ, ಇವಳು ನಂಬಲ್ಲ."

ಆ ಕಾಫಿಯ ಮೇಲೆಯೇ ತೀರ್ಮಾನವಾಯಿತು. ಇನ್ನುಮುಂದೆ ಕೋಚಪ್ಪ ಯಾರನ್ನೂ ಹುಡುಕಿಕೊಂಡು ಹೋಗಕೂಡದು. ನೋಡಬೇಕಾದವರು ಮನೆಗೆ ಬಂದು ನೋಡಲಿ. ಮೈಸೂರಿನಲ್ಲಿ ಹುಡುಗಿ ಎಂದಾದರೂ ಫೈಲು ಹಿಡಿದು ವಿಮಾನ ಹತ್ತಿದ್ದುಂಟೇ? ಎಲ್ಲಿ ಕೂತು ಮಾತಾಡಬೇಕೆಂದು ನಿಯಮದಲ್ಲಿ ಬರೆದಿಲ್ಲವೆಂಬುದನ್ನು ಚಂದ್ರಮೌಳಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡರು. ಬಂದ ಮೇಲೆ ಮೊದಲ ಪ್ರಶ್ನೆ ಕೋಚಪ್ಪನದೇ ಆಗಬೇಕು, ಅದೇ ಪ್ರಶ್ನೆ.

ಕೋಚಪ್ಪನ ಏಜೆಂಟಿಗೆ ಇದನ್ನು ಹೇಳಿದಾಗ ಆತ ಫೋನಿನಲ್ಲಿ ಕಿರುಚಿದ್ದು ಡ್ರೈವ್‌ವೇವರೆಗೆ ಕೇಳಿಸಿತಂತೆ. ತಂಡದ ಓನರ್‌ಗಳು ಅಂದರೆ ಏನು, ಅವರ ಅಂತಸ್ತೇನು, ಮನೆಗೆ ಬನ್ನಿ ಅಂತ ಕರೆಯುವುದು ಅಂದರೇನು! ಅವನ ಮಾತು ಸುಳ್ಳೂ ಆಗಲಿಲ್ಲ. ಪಶ್ಚಿಮದ ಒಂದು ತಂಡ, "ವಿಡಿಯೊ ಕಾಲ್‌ನಲ್ಲಿ ಇಪ್ಪತ್ತು ನಿಮಿಷ ಸಿಗ್ತೀರಾ, ನಮಗೆ ಅಷ್ಟು ಸಾಕು" ಎಂದಿತು. ಕೋಚಪ್ಪ "ಮನೆಗೆ ಬನ್ನಿ" ಎಂದರು. ಆಮೇಲೆ ಸದ್ದೇ ಇಲ್ಲ. ದಕ್ಷಿಣದ ಇನ್ನೊಂದು ತಂಡದ್ದೂ ಅದೇ ಕಥೆ. ಖಾಲಿಯಿದ್ದ ಆರು ಜಾಗಗಳಲ್ಲಿ ಐದು ತುಂಬಿದವು. ಬೇಲಿಯಾಚೆಯಿಂದ ಯೋಲಂಡಾ ವಸುಧಮ್ಮನತ್ತ ನೋಡುವ ನೋಟದಲ್ಲಿ ತಪ್ಪು ಲೆಕ್ಕ ಕಂಡ ಗಣಿತದ ಟೀಚರ್ ಕಾಣತೊಡಗಿದರು. ವಸುಧಮ್ಮನಿಗೆ ಊಟ ರುಚಿಸಲಿಲ್ಲ. ಬುದ್ಧಿ ಹೇಳಿ, ಕರೆದು ಮಾತಾಡಿಸುತ್ತಿದ್ದವರೂ ಇಲ್ಲದಂತೆ ಮಾಡಿಬಿಟ್ಟೆನಲ್ಲ ಎಂಬ ಅಳುಕು.

ಉಳಿದದ್ದು ಶಿಕಾಗೋ ಡ್ರೋವರ್ಸ್. ಹ್ಯಾಮರ್ಸ್ ತಂಡದ ಬದ್ಧವೈರಿ. ವಸುಧಮ್ಮ ಒಂಬತ್ತು ವರ್ಷದಿಂದ ಭಾನುವಾರಗಳಂದು ಹೆಸರು ಹಿಡಿದು ಶಪಿಸುತ್ತ ಬಂದ ತಂಡ. ಅದರ ಓನರ್ ನೋವಾಕ್ ಎಂಬ ಎಪ್ಪತ್ತೆಂಟರ ಮುದುಕರು, ಕಿವಿಗೆ ಮೆಷೀನು. ಅವರು ಫೋನಿನಲ್ಲಿ "ಮನೆಗೆ ಬನ್ನಿ" ಎಂಬುದನ್ನು ಕೇಳಿಸಿಕೊಂಡು ಆಡಿದ್ದು ಒಂದೇ ಮಾತು.

"ಅಡ್ರೆಸ್ ಹೇಳು."

ಆಮೇಲೆ ಆ ಎರಡು ಮನೆಗಳಲ್ಲಿ ಎದ್ದ ಗಲಭೆಯನ್ನು ಏನು ಹೇಳೋಣ! ಬರುವುದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ. ಯೋಲಂಡಾಗೆ ಆವತ್ತು ಶಾಲೆಯಲ್ಲಿ ಪರೀಕ್ಷೆ, ರಜವಿಲ್ಲ. "ನಾನಿಲ್ವಾ?" ಎಂದು ವಸುಧಮ್ಮ ಬೀಗದ ಕೈ ಇಸಿದುಕೊಂಡರು. ಬೆಳಗಾಗುತ್ತಲೇ ರವೆ, ಸಕ್ಕರೆ, ತುಪ್ಪ, ದ್ರಾಕ್ಷಿ ಗೋಡಂಬಿ ಎಲ್ಲ ಬೇಲಿ ದಾಟಿ ಬೆಲ್ ಮನೆಗೆ ಹೋದವು. ಪದ್ಮ ಎರಡು ಡಬ್ಬಿ ಕೋಡುಬಳೆ, ಚಕ್ಕುಲಿ ಹಿಡಿದು ಬಂದರು.

"ವಸುಧಾ, ಬೆಲ್ ಅವರಿಗೆ ಬೇರೆ ಸೂಟ್ ಹಾಕ್ಸೇ. ಆ ನೀಲಿಯದು ಹನ್ನೊಂದು ಸಲ ಕೈಕೊಟ್ಟಿದೆ."

"ಸೂಟೇ ಬೇಡ. ಮನೇಲಿರೋ ಹಾಗಿರ್ಲಿ. ಸ್ವೆಟರ್ ಸಾಕು."

"ಹೂವ?"

"ಪದ್ಮಾ, ಅವನಿಗೆ ಹೂವ ಮುಡಿಸಬೇಕೇನೇ?"

"ಟೇಬಲ್ ಮೇಲಿಡೋಕೆ ಕಣೇ!"

ಸರಿಯಾಗಿ ಹನ್ನೊಂದು ಗಂಟೆಗೆ ಶಿಕಾಗೋ ಕಡೆಯ ನಂಬರ್ ಪ್ಲೇಟಿನ ಕಾರು ಬಂದು ನಿಂತಿತು. ಮಿಷಿಗನ್ ಸರೋವರದ ಹಿಮದಿಂದಾಗಿ ವಿಮಾನ ರದ್ದಾಗಿ, ನೋವಾಕ್ ಮತ್ತು ಅವರ ಮಗಳು ಕ್ಯಾರೊಲ್ ಐ-94 ಹೆದ್ದಾರಿ ಹಿಡಿದು ಐದು ಗಂಟೆ ಡ್ರೈವ್ ಮಾಡಿಕೊಂಡೇ ಬಂದಿದ್ದರು. ತಂಡದ ವ್ಯವಹಾರವೆಲ್ಲ ನೋಡುವವರು ಆ ಮಗಳೇ. ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿದ ವಸುಧಮ್ಮ ಲೆಕ್ಕ ಹಾಕಿದರು. ಹಿಮದಲ್ಲಿ ಐದು ಗಂಟೆ! ದಾಕ್ಷಿಣ್ಯಕ್ಕೆ ಯಾರು ಬರುತ್ತಾರೆ? ಆದರೂ ಹೇಳಲಾಗದು. ಪಾಂಡವಪುರದಿಂದ ಎತ್ತಿನಗಾಡಿಯಲ್ಲಿ ಬಂದವರೂ ತಿಂದು ಹೋದದ್ದುಂಟು.

ಅಷ್ಟರಲ್ಲಿ ಅವರ ಕಣ್ಣಿಗೆ ಬಿದ್ದದ್ದೇನು? ಹಾಲಿನ ದೊಡ್ಡ ಸೋಫಾದ ನಟ್ಟನಡುವೆ, ಇಸ್ತ್ರಿ ಮಾಡಿದ ಶರಟು ತೊಟ್ಟು, ನೋಟ್‌ಬುಕ್ ಮಂಡಿಯ ಮೇಲಿಟ್ಟುಕೊಂಡು, ಚಂದ್ರಮೌಳಿ!

"ರೀ!" ಎಂದು ವಸುಧಮ್ಮ ಪಿಸುಗುಟ್ಟಿದರು. "ಬನ್ರೀ ಈಚೆ!"

ಚಂದ್ರಮೌಳಿ ಅಲ್ಲಾಡಲಿಲ್ಲ. ನೋಡಲು ಬಂದಾಗ ಹಿರಿಯರೊಬ್ಬರು ಎದುರು ಕೂರಬೇಕಾದದ್ದು ಅವರ ಮನಸ್ಸಿನಲ್ಲಿ ಪ್ರಶ್ನೆಯೇ ಅಲ್ಲ. ಕೋಚಪ್ಪನ ತಂದೆ ಶಾಲಾ ಬಸ್ ಓಡಿಸುತ್ತಿದ್ದವರು, ತೀರಿಕೊಂಡು ಎಷ್ಟೋ ವರ್ಷ. ಹಾಗಾದರೆ ಕೂರಬೇಕಾದವರು ಯಾರು? ಪಕ್ಕದ ಮನೆಯವರು. ಇಂಟರ್‌ವ್ಯೂ ಅಂದರೆ ಒಬ್ಬಂಟಿಯಾಗಿ ಕೂರುವಂಥದ್ದೆಂದು ಮೂವತ್ತು ವರ್ಷ ಅಮೆರಿಕದ ಕಂಪನಿಯಲ್ಲಿ ದುಡಿದ ಆ ಮನುಷ್ಯನಿಗೆ ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ.

ಕ್ಯಾರೊಲ್ ಕೈಕುಲುಕಿದರು. "ನೀವು ಇವರನ್ನ ರೆಪ್ರೆಸೆಂಟ್ ಮಾಡ್ತಿದೀರಾ?"

"ಹೌದು" ಎಂದರು ಚಂದ್ರಮೌಳಿ ಗಂಭೀರವಾಗಿ. "ನಾನು ಇವನ ಕಡೆಯವನು."

ಕೋಚಪ್ಪನಿಗೆ ಹೇಳಿಕೊಟ್ಟ ಪಾಠ ನೆನಪಾಗಿರಬೇಕು. ನೆಟ್ಟಗೆ ಕೂತು ಕೇಳಿದರು: "ಸರ್, ನೀವು ಈಗಾಗಲೇ ಬೇರೆಯವರನ್ನ ಒಪ್ಪಿಕೊಂಡು ಬಂದಿದೀರಾ?"

ಒಳಗೆ ವಸುಧಮ್ಮ ಪದ್ಮ ಅವರ ಕೈ ಹಿಚುಕಿದರು. ಪದ್ಮ ಕಿರುಚದಂತೆ ತಮ್ಮ ಬಾಯಿಗೆ ತಾವೇ ಒಂದು ಚಕ್ಕುಲಿ ತುರುಕಿಕೊಂಡರು.

ನೋವಾಕ್ ಮಗಳ ಮುಖ ನೋಡಿದರು. ಕ್ಯಾರೊಲ್ ಮುಚ್ಚುಮರೆ ಮಾಡಲಿಲ್ಲ. "ಒಬ್ಬ ಹುಡುಗ ಮನಸ್ಸಿನಲ್ಲಿದ್ದಾನೆ. ಮೂವತ್ತೈದು ವರ್ಷ. ಇನ್ನೂ ಹೇಳಿಲ್ಲ ಅವನಿಗೆ."

"ಮತ್ತೆ ಇಲ್ಲಿಗೆ ಯಾಕೆ ಬಂದ್ರಿ?"

"ಮೂವತ್ತು ವರ್ಷದಿಂದ ಕೋಚ್‌ಗಳನ್ನ ಕರೆಸ್ತಿದೀನಿ" ಎಂದರು ಮುದುಕರು. "ಎಲ್ಲರೂ ಬಾಲ ಅಲ್ಲಾಡಿಸ್ಕೊಂಡು ಬರ್ತಾರೆ. ನೀನೇ ಬಾ ಅಂದವನ್ನ ಕಾಣಲಿಲ್ಲ. ಮುಖ ನೋಡಿ ಹೋಗೋಣ ಅಂತ ಬಂದೆ."

"ನೋಡಿದ್ರಲ್ಲ. ಇನ್ನು ಕೇಳಿ."

ವಸುಧಮ್ಮ ಟ್ರೇ ಹಿಡಿದು ಹೊರಬಂದರು. ಹಬೆಯಾಡುವ ಉಪ್ಪಿಟ್ಟು, ತುಪ್ಪದಲ್ಲಿ ಮಿಂಚುವ ಕೇಸರಿಬಾತ್, ಪಕ್ಕದಲ್ಲಿ ಪದ್ಮ ಅವರ ಎರಡು ಡಬ್ಬಿ. ಎಲ್ಲರ ಮುಂದೆ ತಟ್ಟೆ ಇಟ್ಟು, ಬಾಗಿಲ ಹಿಂದೆ ಹೋಗಿ ನಿಂತರು. ಕಣ್ಣು ಆ ಎರಡು ತಟ್ಟೆಗಳ ಮೇಲೆ.

ನೋವಾಕ್ ಚಮಚ ಎತ್ತಿಕೊಂಡರು. ವಸುಧಮ್ಮ ಬಾಗಿಲಿಗೆ ಇನ್ನಷ್ಟು ಒತ್ತಿ ನಿಂತರು. ಚಮಚ ಅರ್ಧದಾರಿ ಹೋಗಿ ನಿಂತಿತು. ಮುದುಕರು ಅದನ್ನೇ ಕೋಚಪ್ಪನತ್ತ ತೋರಿಸುತ್ತ, "ಡಿಸೆಂಬರ್‌ನಲ್ಲಿ ನಮ್ಮ ಮೇಲೆ ಆಡಿದಾಗ, ನಮ್ಮವರು ಕೊನೆಯ ಗೆರೆ ದಾಟೋಕೆ ಒಂದೇ ಗಜ ಉಳಿದಿತ್ತು. ನೀನು ಇಬ್ಬರನ್ನ ಹಿಂದಕ್ಕೆ ಕಳಿಸಿದೆ. ಮೂರ್ಖತನ ಅಲ್ವಾ ಅದು?" ಎಂದರು.

"ಮೂರ್ಖತನ? ನೀವು ಸೋತ್ರಿ!"

"ಅದೃಷ್ಟ!"

"ಅದೃಷ್ಟನಾ? ನಿಮ್ಮ ಹುಡುಗರು ಆ ಪಟ್ಟನ್ನ ಅಕ್ಟೋಬರಿನಿಂದ ನಾಲ್ಕು ಸಲ ಆಡಿದಾರೆ, ನಾಲ್ಕು ಸಲವೂ ಎಡಕ್ಕೇ ಓಡಿದಾರೆ. ಬನ್ನಿ ತೋರಿಸ್ತೀನಿ!" ಕೋಚಪ್ಪ ಹೂಕುಂಡ ಪಕ್ಕಕ್ಕೆ ತಳ್ಳಿ, ಪದ್ಮ ಅವರ ಡಬ್ಬಿ ಮೇಜಿನ ಮೇಲೆ ಸುರಿದರು. ಚಕ್ಕುಲಿಗಳೆಲ್ಲ ಶಿಕಾಗೋ, ಕೋಡುಬಳೆಗಳೆಲ್ಲ ಡೆಟ್ರಾಯ್ಟ್. ಒಂದು ಗೋಡಂಬಿ ಚೆಂಡಾಯಿತು.

ನೋವಾಕ್ ಕುರ್ಚಿ ಮುಂದಕ್ಕೆಳೆದುಕೊಂಡರು. ಕ್ಯಾರೊಲ್ ಕೋಟು ಬಿಚ್ಚಿದರು. ವಾದ ಏರಿತು. ಒಂದು ಹಂತದಲ್ಲಿ ಮುದುಕರು ಕೋಡುಬಳೆಯೊಂದನ್ನು ಎತ್ತಿ ಬಾಯಿಯ ಹತ್ತಿರ ತಂದರು. ಬಾಗಿಲ ಹಿಂದೆ ಇಬ್ಬರು ಹೆಂಗಸರು ಉಸಿರು ಬಿಗಿಹಿಡಿದರು. "ಹಾಗಾದ್ರೆ ಇವನು ಎಲ್ಲಿದ್ದ?" ಎಂದು ಗುಡುಗಿ, ಆ ಕೋಡುಬಳೆಯನ್ನು ಚಕ್ಕುಲಿಗಳ ಬೆನ್ನಿಗೆ ತಂದು ನಿಲ್ಲಿಸಿದರು.

"ಅಲ್ಲೇ ಇದ್ದ ಸರ್! ಅದಕ್ಕೇ ನಾವು ಗೆದ್ದಿದ್ದು!"

"ತಿನ್ನಲಿಲ್ಲ!" ಎಂದು ಪದ್ಮ ಉಸುರಿದರು. "ತಿನ್ನಲಿಲ್ಲ ಕಣೇ!"

"ಶ್! ಇನ್ನೂ ಇದೆ."

ಒಂದು ಗಂಟೆಯಾಯಿತು, ಎರಡಾಯಿತು. ತರಬೇತಿ ಹೇಗೆ, ಮಾತು ಕೇಳದ ಸ್ಟಾರ್ ಆಟಗಾರನನ್ನು ಏನು ಮಾಡುತ್ತೀ, ಐವತ್ತೆರಡರ ನಂತರ ಇಷ್ಟು ಓಡಾಡಲು ಆಗುತ್ತದಾ, ಮಂಡಿ ಹೇಗಿದೆ, ಸಿಟ್ಟು ಜಾಸ್ತಿಯಂತೆ ಹೌದಾ. ಕ್ಯಾರೊಲ್ ಕೇಳಿದ ಒಂದೊಂದು ಪ್ರಶ್ನೆಗೂ ವಸುಧಮ್ಮ ಒಳಗೆ ಕುಣಿಯುತ್ತಿದ್ದರು. ಹಲ್ಲು ಸ್ವಂತದ್ದಾ ಎಂಬುದೊಂದು ಬಾಕಿ.

ಆಗ ಚಂದ್ರಮೌಳಿ ಗಂಟಲು ಸರಿಮಾಡಿಕೊಂಡರು. "ನಮ್ಮ ಕಡೆಯಿಂದ ಒಂದು ಪ್ರಶ್ನೆ ಇದೆ." ನೋಟ್‌ಬುಕ್ ತೆರೆದರು. "ನೀವು ಹಿಂದೆ ಐದು ಕೋಚ್‌ಗಳನ್ನ ಇಟ್ಕೊಂಡಿದ್ರಿ. ನಾಲ್ಕು ಜನ ಬಿಳಿಯರು. ಅವರಲ್ಲಿ ಮೂವರು ಮೊದಲ ಎರಡು ವರ್ಷ ಸೋತರೂ ನಾಲ್ಕನೇ ವರ್ಷದವರೆಗೆ ಉಳಿಸ್ಕೊಂಡ್ರಿ. ಒಬ್ಬರೇ ಒಬ್ಬರು ಕಪ್ಪು ಕೋಚ್. ಅವರನ್ನ ಒಂದೇ ವರ್ಷಕ್ಕೆ ಕಳಿಸಿದ್ರಿ. ಅವರೇನು ಮಾಡಿದ್ರು? ಮತ್ತೆ ನಮ್ಮ ಹುಡುಗನಿಗೆ ಎಷ್ಟು ವರ್ಷ ಕೊಡ್ತೀರಿ?"

ಕೋಚಪ್ಪ ತಲೆ ತಗ್ಗಿಸಿ ಮೇಜಿನ ಮೇಲಿನ ಗೋಡಂಬಿಯನ್ನೇ ನೋಡುತ್ತಿದ್ದರು. ಹನ್ನೊಂದು ಸಲ ಹೋದರೂ ಅವರು ಈ ಪ್ರಶ್ನೆ ಕೇಳಿರಲಿಲ್ಲ. ನೋಡಿಸಿಕೊಳ್ಳಲು ಹೋದವನಿಗೆ ಅದನ್ನು ಕೇಳುವ ಬಾಯಿ ಎಲ್ಲಿಂದ ಬರಬೇಕು? ಹಿಂದಿನ ಹೆಂಡತಿ ಯಾಕೆ ಬಿಟ್ಟುಹೋದಳು ಎಂದು ವರನನ್ನು ಕೇಳುವುದು ಹೆಣ್ಣಿನ ಹಿರಿಯರ ಕೆಲಸ.

ನೋವಾಕ್ ಕಿವಿಯ ಮೆಷೀನು ಸರಿಪಡಿಸಿಕೊಂಡರು. "ಅದು ನಾನು ಮಾಡಿದ ತಪ್ಪು" ಎಂದರು. "ಆತನಿಗೆ ಟೈಮ್ ಕೊಡಬೇಕಿತ್ತು. ಕೊಡಲಿಲ್ಲ."

"ಎಷ್ಟು ವರ್ಷ?" ಎಂದರು ಚಂದ್ರಮೌಳಿ. ಪೆನ್ನಿನ ಮುಚ್ಚಳ ತೆಗೆದೇ ಇತ್ತು.

ಕ್ಯಾರೊಲ್ ಮೊದಲ ಸಲ ನಕ್ಕರು. "ಅಪ್ಪಾ, ನಮ್ಮ ಲಾಯರ್‌ಗಳಿಗಿಂತ ಇವರೇ ಕಷ್ಟ."

ಅವರು ಎದ್ದು ಹೊರಟಾಗ ನಾಲ್ಕು ಗಂಟೆ. ಕಾರು ತಿರುವು ದಾಟಿದ್ದೇ ತಡ, ವಸುಧಮ್ಮ ಹಾಲಿಗೆ ಓಡಿಬಂದು ತಟ್ಟೆಗಳಿಗೆ ಮುಖವಿಟ್ಟು ನೋಡಿದರು. ಉಪ್ಪಿಟ್ಟು ಬಟ್ಟಲಿನಾಕಾರದಲ್ಲೇ ಗಟ್ಟಿಯಾಗಿ ಕೂತಿತ್ತು, ಬೆರಳಿಂದ ಬಾರಿಸಿದರೆ ಟಕ್ ಟಕ್ ಅನ್ನುತ್ತಿತ್ತು. ಕೇಸರಿಬಾತಿನ ತುಪ್ಪ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು.

ಶಾಲೆಯಿಂದ ಬಂದ ಯೋಲಂಡಾ ಬಾಗಿಲಲ್ಲೇ ನಿಂತರು. "ಹೇಗಾಯ್ತು? ಅಯ್ಯೋ, ಏನೂ ತಿಂದೇ ಇಲ್ವಲ್ಲ ಅವ್ರು!"

"ಒಂದು ಚಮಚನೂ ಮುಟ್ಟಿಲ್ಲ ಕಣಮ್ಮ!" ಎಂದು ವಸುಧಮ್ಮ ಅವರ ಎರಡೂ ಕೈ ಹಿಡಿದು ಗರಗರ ತಿರುಗಿಸಿದರು. ಪದ್ಮ ಬಂದು ಸೇರಿಕೊಂಡರು. ಮೂವರು ಹೆಂಗಸರು ಆ ಹಾಲಿನಲ್ಲಿ ಸುತ್ತುವುದನ್ನು ನೋಡಿ ಕೋಚಪ್ಪ, "ಇನ್ನೂ ಕೆಲಸ ಕೊಟ್ಟಿಲ್ಲ, ಇನ್ನೂ ಕೊಟ್ಟಿಲ್ಲ" ಎಂದು ಹೇಳುತ್ತಲೇ ಇದ್ದರು.

ಎರಡು ದಿನ ಫೋನ್ ಬರಲಿಲ್ಲ. ಮೂರನೆಯ ದಿನ, ಭಾನುವಾರ ಮಧ್ಯಾಹ್ನ, ವಸುಧಮ್ಮ ಬಟ್ಟೆ ಮಡಿಸುತ್ತಿದ್ದಾಗ ಪಕ್ಕದ ಮನೆಯಿಂದ ಒಂದು ಕೂಗು ಎದ್ದಿತು. ಪದ್ಮ ಅವರ ನಾಯಿ ಊಳಿಟ್ಟಿತು. ಕೋಚಪ್ಪ ಚಪ್ಪಲಿಯೂ ಇಲ್ಲದೆ ಹಿಮದಲ್ಲಿ ಓಡಿಬಂದು, ಡ್ರೈವ್‌ವೇಯಲ್ಲಿ ಜಾರಿ, ಕೂತಲ್ಲಿಂದಲೇ ಐದು ಬೆರಳು ಮೇಲೆತ್ತಿ ತೋರಿಸಿದರು.

"ಐದು ವರ್ಷ! ಆಂಟಿ, ಐದು ವರ್ಷ! ಮೊದಲ ಮೂರು ವರ್ಷ ಸೋತರೂ ತೆಗೆಯೋ ಹಾಗಿಲ್ಲ, ಬರೆದು ಕೊಟ್ಟಿದಾರೆ!"

ವಸುಧಮ್ಮನಿಗೆ ಅಳು ಬಂತು, ನಗು ಬಂತು, ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆಯಾಯಿತು. ಸಂಜೆ ರಿಯಾ ಫೋನು ಮಾಡಿ ಚುಡಾಯಿಸಿದಳು: "ಸೋ ಅಮ್ಮಾ, ಯೂ ಆರ್ ಎ ಡ್ರೋವರ್ಸ್ ಫ್ಯಾನ್ ನೌ?"

"ಬಾಯಿ ಮುಚ್ಚೇ! ವರ್ಷಕ್ಕೆ ಎರಡೇ ದಿನ ನಮ್ಮವ್ರು ಅವರ ಮೇಲೆ ಆಡೋದು. ಆ ಎರಡು ದಿನ ನಾನು ಟಿವಿ ಹಾಕಲ್ಲ."

"ಹಾಕ್ತಾಳೆ" ಎಂದರು ಹಿಂದಿನಿಂದ ಚಂದ್ರಮೌಳಿ. "ಎರಡೂ ಕಡೆಯವರನ್ನ ಬೈತಾಳೆ."

ಆಮೇಲಿನದು ಪೆಟ್ಟಿಗೆ ಕಟ್ಟುವ ಕೆಲಸ. ಶಾಲೆಯ ವರ್ಷ ಮುಗಿಯುವವರೆಗೆ ಯೋಲಂಡಾ ತಮ್ಮ ತಂಗಿಯ ಮನೆಯಲ್ಲಿರುವುದೆಂದಾಯಿತು. ಮನೆ ಮಾರಾಟಕ್ಕೆ ಹಾಕಿದ ವಾರಕ್ಕೇ ಹೋಯಿತು. ಫೆಬ್ರವರಿಯ ಒಂದು ಶನಿವಾರ ಸಾಮಾನಿನ ಲಾರಿ ಮುಂದೆ ಹೊರಟಿತು. ಒಳಗೆ ಖಾಲಿ ಕೋಣೆಗಳಲ್ಲಿ ಕೋಚಪ್ಪ ಕೊನೆಯ ಸಲ ಓಡಾಡುವ ಹೆಜ್ಜೆ ಹೊರಗೆ ನಿಂತವರಿಗೂ ಕೇಳುತ್ತಿತ್ತು.

ಹೊರಗೆ ಬೀದಿಗೆ ಬೀದಿಯೇ ನಿಂತಿತ್ತು. ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡ ಆಂಟಿಯರು, ಕಿವಿಮುಚ್ಚುವ ಟೋಪಿಯ ಅಂಕಲ್‌ಗಳು, ಮೂಲೆಮನೆಯ ಅಜ್ಜಿ, ನಾಯಿ. ಪಂದ್ಯದ ದಿನ ಆಟಗಾರರು ಮೈದಾನಕ್ಕೆ ನುಗ್ಗುವಾಗ ಎರಡು ಸಾಲು ಜನ ನಿಂತು ನಡುವೆ ದಾರಿ ಬಿಡುತ್ತಾರಲ್ಲ, ಹಾಗೆ ನಿಲ್ಲಿಸಿದ್ದು ವಸುಧಮ್ಮ. ಬಾಗಿಲಿಂದ ಕಾರಿನವರೆಗೆ ಎರಡು ಸಾಲು. ಇಪ್ಪತ್ತೆಂಟು ವರ್ಷ ಕೋಚಪ್ಪ ಇಂಥ ಸಾಲಿನ ನಡುವೆ ಎಲ್ಲರಿಗಿಂತ ಹಿಂದೆ ನಡೆದು ಬಂದವರು, ಕೈಯಲ್ಲಿ ಕಾಗದಪತ್ರ, ಅವರತ್ತ ಯಾರ ಕಣ್ಣೂ ಇಲ್ಲ.

ಬಾಗಿಲು ತೆರೆಯಿತು. ತಲೆ ತಗ್ಗಿಸಿ ಹೊಸ್ತಿಲು ದಾಟಿದ ಕೋಚಪ್ಪ ಎರಡು ಸಾಲು ನೋಡಿ ಬೆಕ್ಕಸಬೆರಗಾಗಿ ನಿಂತರು.

"ನೋಡ್ತಾ ನಿಂತ್ಯಲ್ಲೋ!" ಎಂದು ವಸುಧಮ್ಮ ಕೂಗಿದರು. "ಓಡೋ ಕೋಚಪ್ಪ, ಓಡು!"

ಕೋಚಪ್ಪ ಬಾಗಿಲೆಳೆದುಕೊಂಡು, ಎರಡೂ ಕೈ ಚಾಚಿ, ಬಲಕ್ಕೊಂದು ಎಡಕ್ಕೊಂದು ಅಂಗೈಗಳಿಗೆ ಪಟಪಟ ಬಾರಿಸುತ್ತ, ಎಲ್ಲರಿಗಿಂತ ಮುಂದೆ, ಹಿಮ ಚಿಮ್ಮಿಸುತ್ತ ಓಡಿದರು.